ಕಟ್ಟುಹಲ್ಲು, ಬೂಷ್ಟು ಮತ್ತು ಸೂಕ್ಷ್ಮ ಕಣ



ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆ ಕಾಯವನ್ನು ಪೋಷಿಸತಕ್ಕ ಅನ್ನವು ಒಳಹೊಗುವ ಬಾಗಿಲು ಬಾಯಿ. ಆ ಬಾಗಿಲಲ್ಲಿ ಕುಳಿತು ಅನ್ನವನ್ನು ಅರೆದು ಕಳುಹಿಸುವ ಬೀಸುಗಲ್ಲುಗಳೇ ಹಲ್ಲುಗಳು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯಲ್ಲಿ ಬಿಳಿಜೋಳದ ರೊಟ್ಟಿಯೇ ಪ್ರಧಾನವಾದ ಆಹಾರವು. ಒಲೆಯ ಮುಂದಿನ ಬಿಸಿರೊಟ್ಟಿಯು ಮೆತ್ತಗಿರಬಹುದು. ಆದರೆ ಜಾತ್ರೆ ಉತ್ಸವಗಳಲ್ಲಿ ಊರೂರುಗಳಿಂದ ಬುಟ್ಟಿಗಟ್ಟಲೆ ಬಂದು ದಾಸೋಹದ ಮನೆಯಲ್ಲಿ ಒಟ್ಟಿಕೊಳ್ಳುವ ಖಡಕ್ ರೊಟ್ಟಿಯು ಹಲ್ಲಿನ ಬಲವನ್ನು ಪರೀಕ್ಷಿಸದೆ ಬಿಡುವದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಹಿರಿಯರು ನಗೆಯಾಡಿ ಹೇಳಿದರೂ, ಅದರ ಹಿಂದೆ ಇರುವ ದುಃಖವು ನಗೆಯದಲ್ಲ.

ಹುನಗುಂದದ ಕಡೆಯ ಒಬ್ಬ ಮುಪ್ಪಿನ ತಾಯಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಆಕೆಯ ಹಲ್ಲುಗಳೆಲ್ಲವೂ ಬಿದ್ದುಹೋದವು. ಮಕ್ಕಳು ಹಣ ಕೂಡಿಸಿ, ಪಟ್ಟಣಕ್ಕೆ ಕರೆದೊಯ್ದು, ಮೇಲಿನದೂ ಕೆಳಗಿನದೂ ಕೂಡಿ ಪೂರ್ಣವಾದ ಹಲ್ಲಿನ ಸೆಟ್ಟನ್ನು ಕಟ್ಟಿಸಿಕೊಟ್ಟರು. ಒಂದೆರಡು ವರ್ಷ ಸುಖವಾಗಿ ಕಳೆದವು. ಆಮೇಲೆ ಅಂಗುಳವು ಕೆಂಪಗಾಗಿ ಉರಿಯತೊಡಗಿತು. ಖಾರವೂ ಬಿಸಿಯೂ ಸೇರದಂತಾದವು. ತಾಯಿಯು ಸೆಟ್ಟನ್ನು ತೆಗೆದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ನುಂಗತೊಡಗಿದಳು. "ಅತ್ತಿ, ಹಲ್ಲು ಯಾಕ ತಗದಿಟ್ರಿ?" ಎಂದು ಸೊಸೆಯು ಕೇಳಿದರೆ, "ಬಾಯಿ ಉರೀತೈತಿ ಯವ್ವಾ, ಆ ಹಲ್ಲು ನನಗ ಕೂಡಿ ಬರಲಿಲ್ಲ" ಎಂಬದೇ ಉತ್ತರವು. ಇಂಥ ತಾಯಿಗಳೂ ತಂದೆಗಳೂ ಯಾವ ಊರಲ್ಲಿ ಇಲ್ಲ? ಅವರು ತಮ್ಮ ದೈವವನ್ನು ಹಳಿದುಕೊಳ್ಳುತ್ತಾರೆ. ಇಲ್ಲವೆ ಹಲ್ಲು ಕಟ್ಟಿದವರನ್ನು ದೂರುತ್ತಾರೆ. ಅನೇಕ ಸಂದರ್ಭಗಳಲ್ಲಿ ಅಪರಾಧಿಯು ದೈವವೂ ಅಲ್ಲ, ವೈದ್ಯನೂ ಅಲ್ಲ. ಕಣ್ಣಿಗೆ ಕಾಣದ ಒಂದು ಬೂಷ್ಟು. ಆ ಬೂಷ್ಟು ಯಾವದು, ಅದು ಕಟ್ಟುಹಲ್ಲಿನಲ್ಲಿ ಮನೆ ಮಾಡುವದು ಹೇಗೆ, ಅದನ್ನು ತಡೆಯುವದಕ್ಕೆ ಇಂದಿನ ವಿಜ್ಞಾನಿಗಳು ಸೂಕ್ಷ್ಮ ಕಣಗಳಿಂದ ಮಾಡುತ್ತಿರುವ ಪ್ರಯತ್ನವು ಎಲ್ಲಿಯವರೆಗೆ ಬಂದಿದೆ ಎಂಬದೇ ಇಂದಿನ ವಿಷಯವು.

ಮೊದಲು ಕಟ್ಟುಹಲ್ಲಿನ ಒಡಲನ್ನು ತಿಳಿಯಬೇಕು. ಪೂರ್ವಕಾಲದಲ್ಲಿ ದಂತ, ಎಲುಬು, ಕಟ್ಟಿಗೆ, ಲೋಹಗಳಿಂದ ಕೃತಕ ಹಲ್ಲುಗಳನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಗಂಧಕ ಕೂಡಿಸಿ ಕಾಯಿಸಿದ ರಬ್ಬರು ಆ ಸ್ಥಾನಕ್ಕೆ ಬಂದಿತು. 1937ರ ಸುಮಾರಿಗೆ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ರಾಳವು ಬಳಕೆಗೆ ಬಂದು ರಬ್ಬರನ್ನು ಹಿಂದೆ ಹಾಕಿತು. ಒಸಡಿನ ಬಣ್ಣವನ್ನು ಹೋಲುವ, ಹಗುರವಾದ, ಕಡಿಮೆ ಬೆಲೆಯ, ಮುರಿದರೆ ತಿದ್ದಲಿಕ್ಕೆ ಬರುವ ಈ ವಸ್ತುವೇ ಇಂದಿಗೂ ಬಹುಜನರ ಬಾಯಿಯಲ್ಲಿರುವದು.

ಇದನ್ನು ಮಾಡುವ ವಿಧಾನವು ಅಡುಗೆಯ ಪಾಕದಷ್ಟೇ ನಾಜೂಕಿನದು. ಪುಡಿಯ ಮೂರು ಪಾಲಿಗೆ ದ್ರವದ ಒಂದು ಪಾಲನ್ನು ಬೆರೆಸಿ, ಕಣಕದಂತಾದಾಗ ಅಚ್ಚಿನಲ್ಲಿ ತುಂಬಿ, ಬಿಗಿದು, ನೀರಿನಲ್ಲಿಟ್ಟು ಕಾಯಿಸುತ್ತಾರೆ. ಸುಮಾರು 74 ಅಂಶ ಸೆಲ್ಸಿಯಸ್ ಉಷ್ಣದಲ್ಲಿ ಸಾವಕಾಶವಾಗಿ ಬೇಯಿಸಿ, ತರುವಾಯ ಕುದಿಯುವ ನೀರಿನ ಉಷ್ಣಕ್ಕೆ ಏರಿಸುವದು ಒಂದು ರೂಢಿಯ ಕ್ರಮವು. ಅವಸರ ಮಾಡಿ ಒಮ್ಮೆಲೆ ಕಾಯಿಸಿದರೆ, ಆ ದ್ರವವು ಸುಮಾರು 100 ಅಂಶಗಳಲ್ಲಿಯೇ ಕುದಿಯುವದರಿಂದ, ಒಳಗೆ ಗುಳ್ಳೆಗಳೆದ್ದು ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಕಣ್ಣಿಗೆ ನುಣುಪಾಗಿ ಕಂಡ ಸೆಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಿ, ಗೀರು, ಬಿರುಕುಗಳು ಕಾಣಿಸುವವು. ಅಂಗುಳಕ್ಕೆ ತಾಗುವ ಒಳಮೈಯು ಅಂಗುಳದ ಏರುತಗ್ಗುಗಳಿಗೆ ಸರಿಯಾಗಿ ಹೊಂದಿ ಕೂಡ್ರಬೇಕಾದ ಕಾರಣ ಅದನ್ನು ಹೊರಮೈಯಂತೆ ಉಜ್ಜಿ ನುಣುಪು ಮಾಡುವದಿಲ್ಲ. ಬೂಷ್ಟಿಗೆ ಬೇಕಾದ ಬೀಡು ಇದೇ ಮೈಯಲ್ಲಿ ಸಿಕ್ಕುತ್ತದೆ.

ಈ ಬೂಷ್ಟಿನ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಲ್ಯಾಟಿನ್ ಭಾಷೆಯ ಈ ಎರಡೂ ಮಾತುಗಳಿಗೆ ಬಿಳುಪೆಂಬ ಅರ್ಥವೇ ಇದೆ. ಇದು ಹೊರಗಿನಿಂದ ದಾಳಿಯಿಟ್ಟು ಬಂದ ಶತ್ರುವಲ್ಲ. ಆರೋಗ್ಯವಂತರಾದ ಅನೇಕರ ಬಾಯಿಯಲ್ಲಿ ಯಾರಿಗೂ ಉಪದ್ರವ ಕೊಡದೆ ಇರುವ ಅತಿಥಿಯು. ಸಮಯ ಕೂಡಿ ಬಂದರೆ ಮಾತ್ರ ಅತಿಥಿಯೇ ಮನೆಯೊಡೆಯನಾಗಲು ನೋಡುವನು. ಸೆಟ್ಟಿನ ಕೆಳಗೆ ಜೊಲ್ಲು ಹರಿದು ತೊಳೆಯುವದಿಲ್ಲ, ಬೆಚ್ಚಗಿರುತ್ತದೆ, ಅನ್ನದ ಅಂಶವು ಉಳಿದು ಹುಳಿಯಾಗುತ್ತದೆ. ಅಲ್ಲಿ ಕ್ಯಾಂಡಿಡಾದ ದುಂಡು ಕೋಶಗಳು ಮೊದಲು ಅಂಟಿಕೊಳ್ಳುತ್ತವೆ. ಆಮೇಲೆ ಎಳೆಗಳನ್ನು ಚಾಚಿ, ಬೇರೆ ಸೂಕ್ಷ್ಮ ಜೀವಿಗಳನ್ನೂ ಕೂಡಿಸಿಕೊಂಡು, ಲೋಳೆಯ ಪದರೊಂದನ್ನು ಹೊದ್ದು ಊರು ಕಟ್ಟುತ್ತವೆ. ಇದರಿಂದ ಉಂಟಾಗುವ ಅಂಗುಳದ ಉರಿಯನ್ನು ದಂತವೈದ್ಯರು ಡೆಂಚರ್ ಸ್ಟೊಮಟೈಟಿಸ್ ಎನ್ನುವರು. 1962ರಲ್ಲಿ ನ್ಯೂಟನ್ ಎಂಬವರು ಇದನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದರು: ಮೊದಲು ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಎರಡನೆಯದರಲ್ಲಿ ಸೆಟ್ಟು ಮುಚ್ಚಿದಷ್ಟೂ ಜಾಗ ಕೆಂಪು, ಮೂರನೆಯದರಲ್ಲಿ ಅಂಗುಳದ ಮೇಲೆ ಗಂಟುಗಂಟಾದ ಬೆಳವಣಿಗೆ. ಎಷ್ಟೋ ಜನರಿಗೆ ನೋವೇ ಇರುವದಿಲ್ಲ; ವೈದ್ಯನು ಬಾಯಿ ತೆರೆಯಿಸಿ ನೋಡಿದಾಗಲೇ ಗೊತ್ತಾಗುವದು. ಸಕ್ಕರೆ ರೋಗವುಳ್ಳವರಿಗೂ, ಬಾಯಿ ಒಣಗಿದವರಿಗೂ, ಬೀಡಿ ಸಿಗರೇಟು ಸೇದುವವರಿಗೂ, ರಾತ್ರಿ ಸೆಟ್ಟು ಹಾಕಿಕೊಂಡೇ ಮಲಗುವವರಿಗೂ ಇದರ ಭಯ ಹೆಚ್ಚು.

ಇಲ್ಲಿ ಈ ಸೀಮೆಯ ಎರಡು ಕಲ್ಲುಗಳ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಚಾಲುಕ್ಯರು ಗುಹೆಗಳನ್ನು ಕೊರೆಯಿಸಿದರು. ಮೂರನೆಯ ಗುಹೆಯ ಶಾಸನವು ಕ್ರಿ. ಶ. 578ರದು. ಆ ಬೆಟ್ಟದ ಬಂಡೆಗಳಲ್ಲಿ ಮಳೆಗಾಲದ ತೇವವು ನಿಂತ ಸಂದುಗೊಂದುಗಳಲ್ಲಿ ಪಾಚಿಯು ಹಿಡಿಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟನ್ನಾದರೋ ಕನ್ನಡಿಯಂತೆ ಹೊಳಪು ಮಾಡಿ ನಿಲ್ಲಿಸಿದರೆ ಬಿದ್ದ ನೀರು ಜಾರಿ ಹೋಗುವದು. ಪಾಚಿಗೆ ಕಾಲೂರಲು ಎಡೆಯಿಲ್ಲ. ಕಟ್ಟುಹಲ್ಲಿನ ಮಾತೂ ಹೀಗೆಯೇ. ಬಾಯಿಯಲ್ಲಿಡುವ ವಸ್ತುವಿನ ಮೈಯ ಒರಟುತನವು 0.2 ಮೈಕ್ರೋಮೀಟರಿಗಿಂತ ಹೆಚ್ಚಾದಂತೆ ಸೂಕ್ಷ್ಮ ಜೀವಿಗಳ ಪದರವೂ ಹೆಚ್ಚುತ್ತದೆಂದು ಸಂಶೋಧಕರು ಕಂಡಿರುವರು. ಒಂದು ಮೈಕ್ರೋಮೀಟರ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೀಗಿರುವಲ್ಲಿ ಬೂದಿ, ಇದ್ದಲಿ, ಮಿಶ್ರಿಗಳಿಂದ ಸೆಟ್ಟನ್ನು ತಿಕ್ಕುವವರು ಅದನ್ನು ಶುಚಿ ಮಾಡುತ್ತೇವೆಂದು ಭಾವಿಸಿ, ಬೂಷ್ಟಿಗೆ ಹೊಸ ಹೊಸ ಸಾಲುಗಳನ್ನು ಕೊರೆದುಕೊಡುತ್ತಾರೆ.

ಬೂಷ್ಟಿಗೆ ಔಷಧವಿಲ್ಲವೇ ಎಂದರೆ ಉಂಟು. 1950ರಲ್ಲಿ ಅಮೇರಿಕೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿದುಷಿಯರು ಮಣ್ಣಿನ ಸೂಕ್ಷ್ಮ ಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಔಷಧವನ್ನು ಪ್ರಕಟಪಡಿಸಿದರು. ಅದು ಇಂದಿಗೂ ಉಪಯೋಗದಲ್ಲಿದೆ. ಆದರೆ ಅಂಗುಳಕ್ಕೆ ಮಾತ್ರ ಔಷಧ ಹಚ್ಚಿ, ಸೆಟ್ಟನ್ನು ಹಾಗೆಯೇ ಬಿಟ್ಟರೆ, ಬೀಜವನ್ನು ಕಣಜದಲ್ಲಿಟ್ಟು ಹೊಲದ ಕಳೆ ಕಿತ್ತಂತಾಗುವದು. ಔಷಧ ನಿಂತ ಕೆಲವು ದಿನಗಳಲ್ಲಿ ಉರಿಯು ಮರಳಿ ಬರುವದು. ಪದರು ಕಟ್ಟಿಕೊಂಡ ಬೂಷ್ಟು ಬಿಡಿಯಾಗಿ ತೇಲುವ ಬೂಷ್ಟಿಗಿಂತ ಔಷಧಕ್ಕೆ ಹೆಚ್ಚು ಬಗ್ಗುವದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನುಷ್ಯನಿಗೆ ಅಪಾಯಕರವಾದ ಶಿಲೀಂಧ್ರಗಳ ಪಟ್ಟಿಯನ್ನು ಹೊರಡಿಸಿದಾಗ, ಅತ್ಯಂತ ಗಮನವೀಯಬೇಕಾದ ವರ್ಗದಲ್ಲಿ ಕ್ಯಾಂಡಿಡಾ ಆಲ್ಬಿಕನ್ಸಿನ ಹೆಸರನ್ನೂ ಸೇರಿಸಿತು. ಆದಕಾರಣ ಬೂಷ್ಟು ಹತ್ತಿದ ಮೇಲೆ ಔಷಧ ಕೊಡುವದಕ್ಕಿಂತ, ಹತ್ತಲಾರದಂಥ ಸೆಟ್ಟನ್ನೇ ಮಾಡಬಾರದೇಕೆಂಬ ಯೋಚನೆಯು ಹುಟ್ಟಿತು.

ಇಲ್ಲಿಯೇ ನ್ಯಾನೋ ಎಂಬ ಮಾತು ಬರುವದು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಕುಳ್ಳನೆಂದು ಅರ್ಥ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೋಮೀಟರ್. ಕ್ಯಾಂಡಿಡಾದ ಒಂದು ಕೋಶವು ಸುಮಾರು 5,000. ಇಲ್ಲಿ ಬಳಸುವ ಕಣಗಳಾದರೋ ಸಾಮಾನ್ಯವಾಗಿ ನೂರಕ್ಕೂ ಕಡಿಮೆ. ಇಷ್ಟು ಸಣ್ಣದು ಮಾಡುವದರಿಂದ ಲಾಭವೇನು? ಒಂದು ಸೆಂಟಿಮೀಟರ್ ಉದ್ದಗಲ ಎತ್ತರಗಳುಳ್ಳ ಬೆಳ್ಳಿಯ ತುಂಡಿಗೆ ಆರು ಮುಖಗಳು; ಹೊರಮೈಯು ಒಟ್ಟು ಆರು ಚದರ ಸೆಂಟಿಮೀಟರ್. ಅದೇ ತುಂಡನ್ನು ಒಂದೊಂದು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದರೆಂದು ಭಾವಿಸಿರಿ. ತೂಕವು ಗುಂಜಿಯಷ್ಟೂ ಹೆಚ್ಚದಿದ್ದರೂ ಹೊರಮೈಯು ಆರು ಸಾವಿರ ಚದರ ಮೀಟರ್, ಎಂದರೆ ಸುಮಾರು ಒಂದೂವರೆ ಎಕರೆ ಹೊಲದಷ್ಟು ಆಗುವದು. ಔಷಧಗುಣವು ಕೆಲಸ ಮಾಡುವದು ಹೊರಮೈಯಿಂದಲೇ. ಆದ್ದರಿಂದ ಅತ್ಯಲ್ಪ ವಸ್ತುವು ಅತಿ ದೊಡ್ಡ ಕೆಲಸಕ್ಕೆ ಸಮರ್ಥವಾಗುವದು. ಈ ಶಾಸ್ತ್ರವು ಪರದೇಶದ ಸೊತ್ತೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಸಂಶೋಧನ ಕೇಂದ್ರಗಳನ್ನು ಬೆಳೆಯಿಸಿ, 2014ರಲ್ಲಿ ಭಾರತರತ್ನವನ್ನು ಪಡೆದ ಸಿ. ಎನ್. ಆರ್. ರಾವ್ ಅವರು ನ್ಯಾನೋ ವಸ್ತುಗಳ ರಸಾಯನದಲ್ಲಿ ಜಗತ್ತೇ ಬಲ್ಲ ವಿದ್ವಾಂಸರು.

ಕಟ್ಟುಹಲ್ಲಿನ ರಾಳದಲ್ಲಿ ಬೆರೆಸಿ ಪರೀಕ್ಷಿಸಿದ ಕಣಗಳು ಹಲವು. ಮೊದಲನೆಯದು ಬೆಳ್ಳಿ. ಬೆಳ್ಳಿಯ ಕಣವು ತೇವದಲ್ಲಿ ಬೆಳ್ಳಿಯ ಅಯಾನುಗಳನ್ನು ಬಿಡುತ್ತದೆ. ಅವು ಬೂಷ್ಟಿನ ಕೋಶದ ಪೊರೆಯನ್ನು ಕೆಡಿಸಿ, ಒಳಗಿನ ಗಂಧಕಯುಕ್ತ ಪ್ರೋಟೀನುಗಳಿಗೆ ಹತ್ತಿಕೊಂಡು, ಅದರ ಉಸಿರಾಟವನ್ನು ಕಟ್ಟುತ್ತವೆ. ಎರಡನೆಯದು ಸತುವಿನ ಆಕ್ಸೈಡು. ಇದೂ ಅಯಾನುಗಳಿಂದಲೂ, ಆಮ್ಲಜನಕದ ತೀಕ್ಷ್ಣ ರೂಪಗಳನ್ನು ಹುಟ್ಟಿಸುವದರಿಂದಲೂ ಕೋಶವನ್ನು ಘಾತಿಸುವದು. ಮೂರನೆಯದು ಟೈಟೇನಿಯಮ್ ಡೈ ಆಕ್ಸೈಡು. ಬೆಳಕು ಬಿದ್ದಾಗ ಇದು ನೀರನ್ನು ವಿಭಜಿಸಬಲ್ಲದೆಂದು 1972ರಲ್ಲಿ ಜಪಾನದ ಫುಜಿಶಿಮಾ ಮತ್ತು ಹೋಂಡಾ ಎಂಬವರು ತೋರಿಸಿದರು. ಆ ಬೆಳಕಿನ ಬಲದಿಂದಲೇ ಇದು ಸೂಕ್ಷ್ಮ ಜೀವಿಗಳನ್ನೂ ನಾಶಪಡಿಸುವದು. ನಾಲ್ಕನೆಯದು ಜಿರ್ಕೋನಿಯಮ್ ಆಕ್ಸೈಡು. ಇದನ್ನು ಮುಖ್ಯವಾಗಿ ಸೆಟ್ಟು ಒಡೆಯದಂತೆ ಬಲ ಕೊಡುವದಕ್ಕೆ ಸೇರಿಸುತ್ತಾರೆ. ಬೂಷ್ಟಿನ ಅಂಟುವಿಕೆಯೂ ಕಡಿಮೆಯಾದುದನ್ನು ಕೆಲವು ಪರೀಕ್ಷೆಗಳಲ್ಲಿ ಕಂಡಿರುವರು. ಐದನೆಯದು ಕೈಟೋಸಾನ್.

ಈ ಕೈಟೋಸಾನಿನ ವಿಷಯದಲ್ಲಿ ಶ್ರೀಮಠದ ಭಕ್ತರು ಅರಿಯಬೇಕಾದ ಒಂದು ಮಾತುಂಟು. ಪೇಟೆಯಲ್ಲಿ ಸಿಕ್ಕುವ ಕೈಟೋಸಾನನ್ನು ಬಹುಮಟ್ಟಿಗೆ ಸೀಗಡಿ ಮತ್ತು ಏಡಿಗಳ ಚಿಪ್ಪುಗಳಿಂದ ತೆಗೆಯುತ್ತಾರೆ. ಶಿಲೀಂಧ್ರಗಳಿಂದ ತೆಗೆಯುವ ವಿಧಾನವೂ ಇದೆ. ಸಸ್ಯಾಹಾರದ ವ್ರತವುಳ್ಳವನ ಬಾಯಿಯಲ್ಲಿ ಹಗಲೆಲ್ಲ ಇರತಕ್ಕ ವಸ್ತುವಿನ ಮೂಲವನ್ನು ಅವನಿಗೆ ತಿಳಿಸುವದು ವೈದ್ಯನ ಧರ್ಮವು. ಸಂಕೋಚಪಡದೆ ಕೇಳುವದು ಭಕ್ತನ ಹಕ್ಕು.

ಇನ್ನು ಅಡಚಣೆಗಳನ್ನು ವಿಚಾರಿಸೋಣ. ಗುಣವನ್ನು ಮಾತ್ರ ಹೊಗಳಿ ದೋಷವನ್ನು ಮುಚ್ಚಿಡುವದು ವಿದ್ಯೆಯ ಲಕ್ಷಣವಲ್ಲ.

ಮೊದಲನೆಯ ಅಡಚಣೆಯು ಕಲಸುವದರಲ್ಲಿ. ಜುಣಕ ಮಾಡುವಾಗ ಕುದಿಯುವ ನೀರಿಗೆ ಕಡಲೆಹಿಟ್ಟನ್ನು ಒಮ್ಮೆಲೆ ಸುರಿದರೆ ಗಂಟು ಕಟ್ಟುವದನ್ನು ಎಲ್ಲ ತಾಯಂದಿರೂ ಬಲ್ಲರು. ಸೂಕ್ಷ್ಮ ಕಣಗಳೂ ಹಾಗೆಯೇ ಒಂದಕ್ಕೊಂದು ಹತ್ತಿ ಗಂಟಾಗುತ್ತವೆ. ಗಂಟಾದಲ್ಲಿ ನ್ಯಾನೋ ಗುಣವೂ ಹೋಯಿತು. ಆ ಗಂಟೇ ಸೆಟ್ಟು ಬಿರುಕು ಬಿಡುವ ಸ್ಥಾನವೂ ಆಯಿತು. ಕಣಗಳ ಪ್ರಮಾಣವು ಮಿತಿ ಮೀರಿದರೆ ರಾಳದ ಬಲವು ಕುಂದುವದನ್ನು ಅನೇಕ ಪರೀಕ್ಷೆಗಳಲ್ಲಿ ಕಂಡಿರುವರು. ಇದಕ್ಕೆ ಪರಿಹಾರವಾಗಿ ಕಣಗಳಿಗೆ ಸಿಲೇನ್ ಎಂಬ ಪದಾರ್ಥದ ಲೇಪ ಕೊಡುತ್ತಾರೆ. ಇಳಕಲ್ಲಿನ ನೇಕಾರರು ಹತ್ತಿಯ ಒಡಲನ್ನೂ ರೇಷ್ಮೆಯ ಸೆರಗನ್ನೂ ಕೊಂಡಿ ಹಾಕಿ ಒಂದೇ ಸೀರೆಯಾಗಿ ಕೂಡಿಸುವಂತೆ, ಸಿಲೇನಿನ ಒಂದು ತುದಿಯು ಕಣವನ್ನು ಹಿಡಿಯುವದು, ಇನ್ನೊಂದು ತುದಿಯು ರಾಳವನ್ನು ಹಿಡಿಯುವದು.

ಎರಡನೆಯದು ಸ್ಥಾನದ ಅಡಚಣೆ. ರಾಳದ ಒಳಗೆ ಹೂತುಹೋದ ಕಣವು ಕಣಜದ ತಳದ ಕಾಳಿನಂತೆ. ಹಸಿದವನ ಕೈಗೆ ಸಿಕ್ಕಲಾರದು. ಮೇಲ್ಮೈಯಲ್ಲಿರುವ ಕಣವೇ ಬೂಷ್ಟನ್ನು ಮುಟ್ಟಬಲ್ಲದು. ಅದರ ಮೇಲೂ ಬಾಯಿಯಲ್ಲಿಟ್ಟ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ತೆಳುವಾದ ಪೊರೆಯನ್ನು ಹೊದಿಸಿಬಿಡುತ್ತವೆ. ಅಯಾನುಗಳನ್ನು ಬಿಡುವ ಕಣವಾದರೆ ಈ ಪೊರೆಯನ್ನು ದಾಟಬಹುದು. ಆದರೆ ಬಿಡುತ್ತ ಬಿಡುತ್ತ ಅದರ ಶಕ್ತಿಯು ಕಾಲಕ್ರಮದಲ್ಲಿ ಕುಗ್ಗುವದು. ಟೈಟೇನಿಯಮ್ಮಿಗೆ ಬೇಕಾದದ್ದು ನೇರಳಾತೀತ ಬೆಳಕು. ಮುಚ್ಚಿದ ಬಾಯಿಯ ಒಳಗೆ ಕತ್ತಲೆಯಲ್ಲದೆ ಮತ್ತೇನಿದೆ? ಆದ್ದರಿಂದ ಅಂಥ ಸೆಟ್ಟನ್ನು ಹೊರಗೆ ತೆಗೆದು ತಕ್ಕ ದೀಪದ ಕೆಳಗಿಡಬೇಕಾಗುವದು.

ಮೂರನೆಯದು ಬಣ್ಣದ ಮಾತು. ಕೊರಳಲ್ಲಿ ಧರಿಸಿದ ಬೆಳ್ಳಿಯ ಕರಡಿಗೆಯು ಹೊಳೆಯುವ ಬಿಳುಪಾಗಿದ್ದರೂ, ಬೆಳ್ಳಿಯನ್ನು ನ್ಯಾನೋ ಕಣವಾಗಿ ಮಾಡಿದಾಗ ಅದು ಹಳದಿ ಅಥವಾ ಕಂದು ಛಾಯೆಯನ್ನು ತಾಳುವದು. ನಾಲ್ಕು ಜನರೊಳಗೆ ನಗಬೇಕೆಂದು ಹಲ್ಲು ಕಟ್ಟಿಸಿಕೊಂಡವನಿಗೆ ಕಂದಿದ ಒಸಡು ಒಪ್ಪುವದೇ?

ನಾಲ್ಕನೆಯದೇ ಎಲ್ಲಕ್ಕೂ ಗುರುತರವಾದದ್ದು: ನಿರಪಾಯತೆ. ಬೂಷ್ಟಿನ ಕೋಶವನ್ನು ಕೊಲ್ಲುವ ಶಕ್ತಿಯು ಮನುಷ್ಯನ ಕೋಶವನ್ನೂ ನೋಯಿಸಬಹುದು. ಪ್ರಮಾಣವೇ ಇಲ್ಲಿ ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ. ದಿನವೂ ಅನೇಕ ತಾಸು, ಹಲವಾರು ವರ್ಷ ಬಾಯಿಯಲ್ಲಿರುವ ಸೆಟ್ಟಿನಿಂದ ಸವೆದು ನುಂಗಲ್ಪಡುವ ಕಣಗಳ ಪರಿಣಾಮವನ್ನು ಕೆಲವು ದಿನಗಳ ಪ್ರಯೋಗದಿಂದ ನಿರ್ಣಯಿಸಲಾಗದು. ಇದುವರೆಗಿನ ಪರೀಕ್ಷೆಗಳಲ್ಲಿ ಬಹುಪಾಲು ಪ್ರಯೋಗಶಾಲೆಯಲ್ಲಿ, ಗಾಜಿನ ತಟ್ಟೆಗಳಲ್ಲಿ, ಒಂದೇ ಜಾತಿಯ ಬೂಷ್ಟಿನ ಮೇಲೆ ನಡೆದವುಗಳು. ಮನುಷ್ಯರ ಬಾಯಿಯಲ್ಲಿ ದೀರ್ಘಕಾಲ ನಡೆದವುಗಳು ಕಡಿಮೆ. ಗಾಜಿನ ತಟ್ಟೆಯು ರೊಟ್ಟಿ ತಿನ್ನುವದಿಲ್ಲ, ಚಹಾ ಕುಡಿಯುವದಿಲ್ಲ, ಎಲೆಯಡಿಕೆ ಮೆಲ್ಲುವದಿಲ್ಲವೆಂಬದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಈ ಪ್ರಯತ್ನವೆಲ್ಲ ವ್ಯರ್ಥವೇ? ಎಂದಿಗೂ ಅಲ್ಲ. ಬೀಜವು ಮೊಳೆತಿದೆ, ತೆನೆಯು ಇನ್ನೂ ಬಂದಿಲ್ಲ. ಮೊಳಕೆಯನ್ನು ಹೀಯಾಳಿಸುವವನೂ ತಪ್ಪಿದವನು. ಮೊಳಕೆಯನ್ನೇ ತೆನೆಯೆಂದು ಮಾರುವವನು ಅವನಿಗಿಂತಲೂ ತಪ್ಪಿದವನು. ನ್ಯಾನೋ ಎಂಬ ಹೆಸರನ್ನು ಹಚ್ಚಿ, ಇಮ್ಮಡಿ ಬೆಲೆ ಹೇಳಿ, ಇನ್ನು ತೊಳೆಯುವ ಕೆಲಸವೇ ಇಲ್ಲವೆಂದು ಯಾವನಾದರೂ ನಂಬಿಸಹೋದರೆ, ಯಾವ ಕಣ, ಎಷ್ಟು ಪ್ರಮಾಣ, ಮನುಷ್ಯರಲ್ಲಿ ಎಷ್ಟು ಕಾಲ ಪರೀಕ್ಷೆಯಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಉತ್ತರವಿಲ್ಲದಿದ್ದರೆ ಹಣದ ಚೀಲವನ್ನು ಬಿಚ್ಚತಕ್ಕದ್ದಲ್ಲ.

ಈ ವಿದ್ಯೆಯು ಇಲ್ಲಿಯೇ ಬೆಳೆಯುವದಕ್ಕೆ ಸ್ಥಾನವಿಲ್ಲದೆ ಇಲ್ಲ. ಬೀಳೂರು ಗುರುಬಸವ ಮಹಾಸ್ವಾಮಿಗಳ ಸಂಕಲ್ಪದಿಂದ 1906ರಲ್ಲಿ ಹುಟ್ಟಿದ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘವು ಪಿ. ಎಂ. ನಾಡಗೌಡರ ಸ್ಮಾರಕವಾದ ದಂತವೈದ್ಯ ಮಹಾವಿದ್ಯಾಲಯವನ್ನೂ ಆಸ್ಪತ್ರೆಯನ್ನೂ ನಡೆಯಿಸುತ್ತಿದೆ. ಹಲ್ಲು ಕಟ್ಟುವ ವಿದ್ಯೆಯನ್ನು ಕಲಿಯುವ ತರುಣರು ಜೋಳದ ರೊಟ್ಟಿಯ ಸೀಮೆಯಲ್ಲಿಯೇ ಕಲಿಯುತ್ತಿರುವದು ಸುಯೋಗವು. ಯಾವ ಸೆಟ್ಟು ಈ ಖಡಕ್ ರೊಟ್ಟಿಯನ್ನೂ, ಈ ಬಿಸಿಲನ್ನೂ, ಈ ನೀರನ್ನೂ ತಾಳಬಲ್ಲದೆಂಬ ಪ್ರಶ್ನೆಗೆ ಈ ಸೀಮೆಯ ಬಾಯಿಗಳಿಗಿಂತ ಉತ್ತಮವಾದ ಸಾಕ್ಷಿಯು ಬೇರೆಲ್ಲಿ ಸಿಕ್ಕೀತು?

ಅಲ್ಲಿಯವರೆಗೆ ಮಾಡತಕ್ಕದ್ದೇನೆಂದರೆ: ಪ್ರತಿಯೊಂದು ಊಟವಾದ ಮೇಲೆ ಸೆಟ್ಟನ್ನು ತೆಗೆದು ನೀರಿನಲ್ಲಿ ತೊಳೆಯಬೇಕು. ದಿನಕ್ಕೊಮ್ಮೆಯಾದರೂ ಮೆತ್ತಗಿನ ಬ್ರಶ್ಶಿನಿಂದ, ಸಾಬೂನಿನ ನೀರಿನಿಂದ ಒಳಮೈ ಹೊರಮೈಗಳೆರಡನ್ನೂ ಉಜ್ಜಬೇಕು. ಹಲ್ಲುಜ್ಜುವ ಪೇಸ್ಟು, ಬೂದಿ, ಇದ್ದಲಿಗಳು ಗೀರು ಮಾಡುವವು. ಕೈ ಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿಯನ್ನಿಟ್ಟುಕೊಳ್ಳುವದು ಒಳಿತು. ಕುದಿಯುವ ನೀರನ್ನು ಹಾಕಬಾರದು, ಆಕಾರವು ಕೆಡುವದು. ವೈದ್ಯನು ಹೇಳಿದ ಶುದ್ಧಿಕಾರಕ ದ್ರವದಲ್ಲಿ ಹೇಳಿದಷ್ಟೇ ಹೊತ್ತು ನೆನೆಯಿಡಬೇಕು. ಅಂಗುಳವನ್ನೂ ನಾಲಿಗೆಯನ್ನೂ ಒರೆಸಿ ಶುಚಿಯಾಗಿಡಬೇಕು. ರಾತ್ರಿ ಸೆಟ್ಟನ್ನು ತೆಗೆದು ನೀರಿನಲ್ಲಿಡಬೇಕು. ಈ ಕಡೆಯ ಮಾತನ್ನು ಹಗುರವಾಗಿ ತಿಳಿಯಬಾರದು: 2015ರಲ್ಲಿ ಪ್ರಕಟವಾದ, ಜಪಾನದ ಅತಿ ವೃದ್ಧರಾದ 524 ಜನರನ್ನು ಪರೀಕ್ಷಿಸಿದ ಸಂಶೋಧನೆಯೊಂದರಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಭಯವು ಸುಮಾರು ಇಮ್ಮಡಿಯೆಂದು ಕಂಡುಬಂದಿತು. ವರುಷಕ್ಕೊಮ್ಮೆ ವೈದ್ಯನಿಗೆ ಬಾಯಿ ತೋರಿಸಬೇಕು. ಸಡಿಲಾದ ಸೆಟ್ಟನ್ನು ಸರಿಪಡಿಸಿಕೊಳ್ಳಬೇಕು. ಸಕ್ಕರೆ ರೋಗವನ್ನು ಹತೋಟಿಯಲ್ಲಿಡಬೇಕು. ಬೀಡಿ ತಂಬಾಕುಗಳನ್ನು ಬಿಡಬೇಕೆಂಬದನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. 1975ರಿಂದ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತು, ಅನ್ನವನ್ನು ಬೇಡದೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಆ ಜೋಳಿಗೆಗೆ ಹಾಕಿದ ಬೀಡಿಯ ಕಟ್ಟು ಅಂಗುಳಕ್ಕೂ ಉಪಕಾರ ಮಾಡುವದು.

ಇವೆಲ್ಲವುಗಳಿಗೆ ಬೇಕಾಗುವದು ಒಂದು ಬ್ರಶ್ಶು, ಒಂದು ಸಾಬೂನು, ಒಂದು ಬಟ್ಟಲು ನೀರು. ನಾಳೆ ಸೂಕ್ಷ್ಮ ಕಣಗಳ ಸೆಟ್ಟು ಸಿದ್ಧಿಗೆ ಬಂದಾಗಲೂ ಈ ಮೂರನ್ನು ಬಿಡಲಾಗದು; ಯಾಕೆಂದರೆ ಕಣವು ಬೂಷ್ಟನ್ನು ತಡೆಯಬಲ್ಲದೇ ಹೊರತು, ಉಳಿದ ಅನ್ನದ ಅಗುಳನ್ನು ತೊಳೆಯಲಾರದು.

ಕಡೆಗೆ ಆ ತಾಯಿಯ ಮಾತು. ದಾಸೋಹದ ಪಂಕ್ತಿಯಲ್ಲಿ ನೀಡುವವರು "ಇನ್ನೊಂದು ರೊಟ್ಟಿ ಹಾಕಲೇ?" ಎಂದು ಕೇಳುವದು ರೂಢಿ. ಮುಪ್ಪಿನವರು ರೊಟ್ಟಿಯನ್ನು ಮುಟ್ಟದೆ ಸಾರನ್ನಷ್ಟೇ ಕುಡಿದು ಏಳುವದನ್ನು ಕಂಡಾಗ, ನೀಡುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: "ಯವ್ವಾ, ಬಾಯಿ ಉರೀತೈತೇನು?" ಕೇಳಿದವರು ಆ ಸೆರಗಿನ ಗಂಟನ್ನು ಬಿಚ್ಚಿಸಿ, ಕೈಹಿಡಿದು ವೈದ್ಯನಲ್ಲಿಗೆ ಕರೆದೊಯ್ಯಲಿ. ಹಸಿದವನಿಗೆ ಅನ್ನವನ್ನು ನೀಡುವದು ದಾಸೋಹವು. ನೀಡಿದ ಅನ್ನವನ್ನು ಅಗಿಯುವ ಶಕ್ತಿಯನ್ನು ಮರಳಿ ದೊರಕಿಸಿ ಕೊಡುವದೂ ದಾಸೋಹವೇ.